ಸಣ್ಣ ಸಾಂಸ್ಕೃತಿಕ ಸಂಘದಲ್ಲಿ ಇನ್ನೋವೇಶನ್ ಅಂದರೆ ಏನು ಮಾಡಬೇಕು?

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯಲ್ಲಿ ನಮ್ಮದೊಂದು ಸಣ್ಣ ಸಾಂಸ್ಕೃತಿಕ ಸಂಘ ಇದೆ. ನಾಟಕ ಆಡುತ್ತೇವೆ. ಹಸೆ ಚಿತ್ತಾರ, ಅಂದರೆ ಮಲೆನಾಡಿನ ಸಾಂಪ್ರದಾಯಿಕ ಗೋಡೆ ಚಿತ್ರ ಬರೆಯುವ ಹೆಣ್ಣುಮಕ್ಕಳ ಗುಂಪೊಂದು ನಮ್ಮ ಜೊತೆಗಿದೆ. ಅನುದಾನಕ್ಕೆ ಅರ್ಜಿ ಹಾಕಿದಾಗಲೆಲ್ಲ "ಇದರಲ್ಲಿ ಇನ್ನೋವೇಶನ್ ಏನಿದೆ?" ಎಂದು ಕೇಳುತ್ತಾರೆ. ಆ್ಯಪ್ ಮಾಡಿಸಬೇಕಾ? ಬೆಂಗಳೂರಿನಿಂದ ಡಿಸೈನರ್ ಕರೆಸಬೇಕಾ?

ಉತ್ತರ:

ಆ್ಯಪ್ ಸದ್ಯಕ್ಕೆ ಬೇಡ. ಡಿಸೈನರ್ ಬೇಕಾಗಬಹುದು, ಆದರೆ ಚಿತ್ತಾರಕ್ಕೆ ಹೊಸ ರೂಪ ಕೊಡುವ ಕೆಲಸಕ್ಕೆ ಬೇಡ. ನಾನು ಸಾಗರದ ಸುತ್ತಮುತ್ತ ಕೈಮಗ್ಗ ಮತ್ತು ಕರಕುಶಲದ ಗುಂಪುಗಳ ಜೊತೆ ಡಿಸೈನ್ ಕೆಲಸ ಮಾಡುತ್ತೇನೆ. ನಿಮಗೆ ಕೇಳಿದ ಪ್ರಶ್ನೆಯನ್ನೇ ನಮಗೂ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮ ಮಲೆನಾಡಿನಲ್ಲಿ ಹೊಸದಾಗಿ ಹುಟ್ಟಿ, ಬಹಳ ಕಾಲ ಉಳಿದುಕೊಂಡ ಕೆಲಸಗಳನ್ನು ನೋಡಿ. ಅವುಗಳ ಹೊಸತನ ಇರುವುದು ಏರ್ಪಾಡಿನಲ್ಲಿ. ಕೆಲಸ ಯಾರು ಮಾಡುತ್ತಾರೆ, ಯಾವ ಕಾಲದಲ್ಲಿ ಮಾಡುತ್ತಾರೆ, ದುಡ್ಡು ಎಲ್ಲಿಂದ ಬಂದು ಯಾರ ಕೈ ಸೇರುತ್ತದೆ, ಮಾಡಿದ್ದು ಜನರಿಗೆ ಹೇಗೆ ಮುಟ್ಟುತ್ತದೆ. ಇಷ್ಟನ್ನು ಹೊಸದಾಗಿ ಯೋಚಿಸಿದವರು ನಿಂತಿದ್ದಾರೆ. ಬರೀ ವಸ್ತುವಿನ ಅಂದ ಬದಲಾಯಿಸಿದವರ ಕೆಲಸ ಒಂದೆರಡು ಪ್ರದರ್ಶನಕ್ಕೆ ಮುಗಿದುಹೋಗಿದೆ.

ಹೆಗ್ಗೋಡಿನ ನೀನಾಸಮ್ ನಿಮಗೆ ಗೊತ್ತೇ ಇರುತ್ತದೆ. 1949ರಲ್ಲಿ ಶುರುವಾದಾಗ ಅದು ಊರಿನವರು ಕೂಡಿ ನಾಟಕ ಆಡುವ ಸಂಘ. ಅಂಥ ಸಂಘಗಳು ಬೇರೆ ಊರುಗಳಲ್ಲೂ ಇದ್ದವು. 1973ರಲ್ಲಿ ಸಿನಿಮಾ ತೋರಿಸುವ ಚಿತ್ರಸಮಾಜ ಬಂತು, 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. ಪ್ರತಿ ವರ್ಷ ಒಂದಿಷ್ಟು ಹುಡುಗ ಹುಡುಗಿಯರು ನಾಟಕ ಕಲಿತು ಹೊರಬೀಳತೊಡಗಿದರು. ಕಲಿತವರಿಗೆ ಆಡಲು ಜಾಗ ಬೇಕಲ್ವಾ? ಅವರಿಗೆ ಸಂಬಳವೂ ಬೇಕು, ನೋಡಲು ಜನವೂ ಬೇಕು. 1985ರಲ್ಲಿ ಶುರುವಾದ ತಿರುಗಾಟ ಎಂಬ ಸಂಚಾರಿ ನಾಟಕ ತಂಡ ಇದಕ್ಕೆಲ್ಲ ಒಟ್ಟಿಗೆ ಉತ್ತರ ಕೊಟ್ಟಿತು.

ಅದನ್ನು ಡಿಸೈನ್ ಕಣ್ಣಿಂದ ನೋಡಿದರೆ ಎಷ್ಟು ಅಚ್ಚುಕಟ್ಟಾಗಿದೆ ಅನ್ನುವುದು ಗೊತ್ತಾಗುತ್ತದೆ. ಮಳೆಗಾಲದಲ್ಲಿ ತಾಲೀಮು, ಮಳೆ ನಿಂತ ಮೇಲೆ ಊರೂರು ಸುತ್ತುವುದು. ಒಂದೇ ತಂಡ, ಕೈಯಲ್ಲಿ ಒಂದಕ್ಕಿಂತ ಜಾಸ್ತಿ ನಾಟಕ. ಸೆಟ್ಟು, ಲೈಟು, ಉಡುಪು ಎಲ್ಲವನ್ನೂ ಕಟ್ಟಿ ಒಯ್ಯುವಂತಿರಬೇಕು. ದೊಡ್ಡ ರಂಗಮಂದಿರಕ್ಕೂ ಹೊಂದಬೇಕು, ಶಾಲೆಯ ಬಯಲಿಗೂ ಹೊಂದಬೇಕು. ಆಯಾ ಊರಿನ ಸಂಘದವರು ಆಟ ಕರೆಸಿಕೊಂಡು ಅಲ್ಲಿನ ಓಡಾಟ ನೋಡಿಕೊಳ್ಳುತ್ತಾರೆ. ಹೀಗಾಗಿ ತಂಡ ಹೋದ ಕಡೆಯೆಲ್ಲ ನಾಟಕ ನಡೆಸಲು ಬಲ್ಲ ಒಂದು ಗುಂಪೂ ಬೆಳೆಯಿತು. ನನ್ನ ಲೆಕ್ಕದಲ್ಲಿ ತಿರುಗಾಟದ ದೊಡ್ಡ ಸಾಧನೆ ಇದು. ಮಳೆ ಮುಗಿದ ಮೇಲೆ ಹೊರಟು ಮುಂದಿನ ಮಳೆಯ ತನಕ ಸುತ್ತುವ ಕ್ರಮ ಯಕ್ಷಗಾನ ಮೇಳಗಳಲ್ಲಿ ಮೊದಲೇ ಇತ್ತು. ಹಳೆಯ ಕ್ರಮವೊಂದು ಆಧುನಿಕ ನಾಟಕಕ್ಕೂ ಒದಗಿಬಂತು. ನೀನಾಸಮ್ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡಿನಲ್ಲಿ ಇಷ್ಟೆಲ್ಲ ನಡೆಯುತ್ತಿತ್ತು.

ಇನ್ನೊಂದು ಉದಾಹರಣೆ ಅಲ್ಲೇ ಪಕ್ಕದ ಭೀಮನಕೋಣೆಯ ಚರಕ. ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಶುರುವಾದ ಮಹಿಳಾ ಸಹಕಾರ ಸಂಘ ಅದು. ನಮ್ಮ ಈ ಭಾಗ ಇಳಕಲ್ಲಿನ ಹಾಗೆ ನೇಕಾರಿಕೆಗೆ ಹೆಸರಾದ ಸೀಮೆಯಲ್ಲ. ಇಲ್ಲಿರುವುದು ಅಡಿಕೆ, ಭತ್ತ, ಕಾಡು. ಇಂಥ ಕಡೆ ಹಳ್ಳಿಯ ಹೆಣ್ಣುಮಕ್ಕಳು ಬಣ್ಣ ಹಾಕುವುದು, ಮಗ್ಗ ನಡೆಸುವುದು, ಹೊಲಿಯುವುದನ್ನು ಕಲಿತು ತಮ್ಮದೇ ಸಂಘ ನಡೆಸಿದರು. ಮಾರಾಟಕ್ಕೆ ದೇಸಿ ಎಂಬ ಬೇರೆ ಏರ್ಪಾಡು ಬಂತು. ತಯಾರಿಸುವ ಕಷ್ಟವೇ ಬೇರೆ, ಮಾರುವ ಕಷ್ಟವೇ ಬೇರೆ. ಎರಡನ್ನೂ ಒಂದೇ ತಲೆಯ ಮೇಲೆ ಹೊರಿಸಿದ ಎಷ್ಟೋ ಸಂಘಗಳು ಕುಸಿದದ್ದನ್ನು ನಾನು ನೋಡಿದ್ದೇನೆ.

ಚರಕದ ಬಣ್ಣಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಡಿಕೆ ಚೊಗರಿನದ್ದು. ನಮ್ಮ ಕಡೆ ಹಸಿ ಅಡಿಕೆ ಸುಲಿದು ಬೇಯಿಸುತ್ತೇವೆ. ಆ ನೀರು ಕುದ್ದು ಕುದ್ದು ಗಟ್ಟಿಯಾದರೆ ಚೊಗರು. ಅದರಲ್ಲಿ ಟ್ಯಾನಿನ್, ಅಂದರೆ ಒಗರಿನ ಅಂಶ ಜಾಸ್ತಿ. ಹತ್ತಿ ನೂಲು ಬಣ್ಣವನ್ನು ಸುಲಭಕ್ಕೆ ಹಿಡಿಯುವುದಿಲ್ಲ, ಟ್ಯಾನಿನ್ ಇದ್ದರೆ ಹಿಡಿತ ಸಿಗುತ್ತದೆ. ಸುಣ್ಣದ ನೀರು ತಾಗಿದರೆ ಬಣ್ಣ ಕೆಂಪಿನ ಕಡೆಗೆ ಹೋಗುತ್ತದೆ. ಎಲೆಯಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವುದೂ ಅದೇ ಗುಣದಿಂದ. ಕಬ್ಬಿಣ ಸೇರಿದರೆ ಅದೇ ಬಣ್ಣ ಕಪ್ಪಿನ ಕಡೆಗೆ ತಿರುಗುತ್ತದೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಎಷ್ಟೋ ದಿನ ನೆನೆಹಾಕಿ ಕಪ್ಪು ಮಾಡಿಕೊಳ್ಳುವುದು ನಮ್ಮ ದೇಶದ ಬಣ್ಣಗಾರರ ಹಳೆಯ ವಿದ್ಯೆ.

ಇನ್ನು ಇಲ್ಲಿ ಡಿಸೈನರ್ ಕೆಲಸ ಏನು? ಸಹಜ ಬಣ್ಣದಲ್ಲಿ ಒಂದು ತೊಟ್ಟಿಯ ಛಾಯೆ ಮುಂದಿನ ತೊಟ್ಟಿಗೆ ಹೊಂದುವುದಿಲ್ಲ. ನೀರು ಬೇರೆ, ಬಿಸಿಲು ಬೇರೆ, ಆ ವರ್ಷದ ಅಡಿಕೆಯೂ ಬೇರೆ. ಪಟ್ಟಣದಿಂದ ಬಂದ ಡಿಸೈನರ್ ಶೇಡ್ ಕಾರ್ಡ್ ತೋರಿಸಿ "ಇದೇ ಬಣ್ಣ ಬರಬೇಕು" ಅಂದರೆ ಬಣ್ಣದ ಮನೆಯವರು ಸೋತುಹೋಗುತ್ತಾರೆ. ಒಂದು ಅಂಗಿಗೆ ಬೇಕಾದಷ್ಟು ನೂಲು ಒಂದೇ ತೊಟ್ಟಿಯಿಂದ ಬರುವಂತೆ ಲೆಕ್ಕ ಹಾಕಬೇಕು. ಎರಡು ಮೂರು ಛಾಯೆ ಪಕ್ಕಪಕ್ಕ ಕೂತರೂ ಚೆಂದ ಕಾಣುವ ಪಟ್ಟೆ, ಚೌಕಳಿ ಯೋಚಿಸಬೇಕು. ಅಡಿಕೆ ಕೊಯ್ಲು ನಡೆಯುವಾಗ ಚೊಗರು ಕೂಡಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ನೂಲು ಒಣಗುವುದಿಲ್ಲ, ಆಗ ಮಾದರಿ ತಯಾರಿಸಬೇಕು. ಒಳ್ಳೆಯ ಡಿಸೈನರ್ ಅಂದರೆ ಈ ಲೆಕ್ಕಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡು ಪೆನ್ಸಿಲ್ ಹಿಡಿಯುವವರು.

2017ರಲ್ಲಿ ಜಿಎಸ್‌ಟಿ ಬಂದಾಗ, ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಎಂದು ಪ್ರಸನ್ನ ಸತ್ಯಾಗ್ರಹ ನಡೆಸಿ ಉಪವಾಸ ಕೂತರು. ನಾನು ಅದನ್ನೂ ಡಿಸೈನ್ ಕೆಲಸ ಅಂತಲೇ ಎಣಿಸುತ್ತೇನೆ. ವಸ್ತುವಿನ ಬೆಲೆ ಸರಿಯಿಲ್ಲದಿದ್ದರೆ ಅದರ ಅಂದದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಈಗ ನಿಮ್ಮ ಚಿತ್ತಾರದ ಗುಂಪಿಗೆ ಬರುತ್ತೇನೆ. ನಿಮ್ಮ ಸಂಘದಲ್ಲಿ ಹೊಸದಾಗಿ ಏನಾದರೂ ಆಗಬೇಕಾಗಿದ್ದರೆ ಅದು ಇಲ್ಲೇ ಅಂತ ನನಗೆ ಅನಿಸುತ್ತದೆ. ಹಸೆ ಚಿತ್ತಾರ ದೀವರು ಎಂಬ ಸಮುದಾಯದ ಮನೆಯ ಹೆಣ್ಣುಮಕ್ಕಳು ಉಳಿಸಿಕೊಂಡು ಬಂದ ವಿದ್ಯೆ. ಅಕ್ಕಿ ನೆನೆಸಿ ಅರೆದ ಬಿಳಿ, ಕೆಮ್ಮಣ್ಣಿನ ಕೆಂಪು, ಅಕ್ಕಿ ಹುರಿದು ಕರಿಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆ ಹಬ್ಬಕ್ಕೆ ಹೊಲಕ್ಕೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತಾರೆ. ಆ ನೇರ ಗೆರೆಗಳನ್ನು ಸ್ಕೇಲ್ ಇಲ್ಲದೆ ಎಳೆಯುವ ಕೈಗೆ ಎಷ್ಟು ವರ್ಷದ ಪಳಗು ಬೇಕು ಅನ್ನುವುದು ನಿಮಗೆ ಗೊತ್ತಿದೆ.

ಈಗ ಅದೇ ಚಿತ್ತಾರ ಟ್ರೇ, ಬ್ಯಾಗು, ಸೀರೆ, ಕಾಫಿ ಮಗ್ಗಿನ ಮೇಲೆಲ್ಲ ಬರುತ್ತಿದೆ. ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ದುಡ್ಡಿನ ದಾರಿಯ ಬಗ್ಗೆ. ಯಾರೋ ಬಂದು ಫೋಟೋ ತೆಗೆಯುತ್ತಾರೆ. ಕಂಪ್ಯೂಟರಿನಲ್ಲಿ ಗೆರೆ ತಿದ್ದಿ ಸಾವಿರ ಸಲ ಅಚ್ಚು ಹಾಕುತ್ತಾರೆ. ಬರೆದ ಅಮ್ಮನಿಗೆ ಒಂದು ದಿನದ ಕೂಲಿ ಸಿಕ್ಕರೆ ಹೆಚ್ಚು. ಎಷ್ಟೋ ಸಲ ಅದೂ ಇಲ್ಲ.

ಕಾನೂನು ಇಲ್ಲಿ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಅದರಲ್ಲಿ ಒಂದು ಗುಂಡಿ ಇದೆ. ಚಿತ್ತಾರದ ಪರಂಪರೆ ಒಬ್ಬರ ಆಸ್ತಿಯಲ್ಲ. ಆದರೆ ಒಬ್ಬರು ತಾವೇ ಕಟ್ಟಿ ಬರೆದ ಹೊಸ ಚಿತ್ರಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಇದೆ. ಅವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಗುಂಡಿ ಇರುವುದು ಮುಂದೆ. ಅದೇ ಚಿತ್ರ ಸೀರೆ, ಟ್ರೇಯಂಥ ವಸ್ತುವಿನ ವಿನ್ಯಾಸವಾಗಿ, 2000ರ ಡಿಸೈನ್ ಕಾಯ್ದೆಯಲ್ಲಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟರೆ ಕಷ್ಟ. ಹಕ್ಕುದಾರರು ಅಥವಾ ಅವರ ಅನುಮತಿ ಪಡೆದವರು ಯಂತ್ರದಲ್ಲಿ 50ಕ್ಕಿಂತ ಜಾಸ್ತಿ ಪ್ರತಿ ಮಾಡಿದ ಕೂಡಲೇ ಆ ವಿನ್ಯಾಸದ ಕೃತಿಸ್ವಾಮ್ಯ ಹೋಗುತ್ತದೆ. ನೋಂದಾಯಿಸಿದರೆ 10 ವರ್ಷ ಹಕ್ಕು ಇರುತ್ತದೆ, ಅದನ್ನು ಮತ್ತೆ 5 ವರ್ಷ ಮುಂದುವರಿಸಬಹುದು. ವಿನ್ಯಾಸ ಹೊಸದಾಗಿರಬೇಕು ಎಂಬ ಷರತ್ತೂ ಇದೆ. ಅರ್ಜಿ ಹಾಕುವ ಮೊದಲೇ ಪ್ರದರ್ಶನದಲ್ಲಿಟ್ಟರೆ ಅಥವಾ ಫೇಸ್‌ಬುಕ್ಕಿಗೆ ಹಾಕಿದರೆ ಆ ಹೊಸತನ ಕಳೆದುಹೋಗುವ ಅಪಾಯ ಇರುತ್ತದೆ. ಒಬ್ಬ ವಕೀಲರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು ಗುಂಪಿಗೆಲ್ಲ ಇದನ್ನು ಕನ್ನಡದಲ್ಲಿ ಹೇಳಿಸಿ. ಡಿಸೈನರ್ ಕರೆಸುವ ಮೊದಲು ಇದು ಆಗಬೇಕು.

ಇದಕ್ಕಿಂತಲೂ ಮುಂಚೆ ಒಂದು ಪುಸ್ತಕ ಇಡಿ. ರಟ್ಟಿನ ಲೆಡ್ಜರ್ ಸಾಕು. ಯಾರು ಬರೆದರು, ಯಾವತ್ತು, ಯಾವ ಸಂದರ್ಭಕ್ಕೆ, ಅವರ ಬಾಯಲ್ಲಿ ಆ ಎಳೆಗಳ ಹೆಸರೇನು, ಬರೆಯುವಾಗ ಹಾಡುವ ಹಾಡು ಯಾವುದು, ಎಲ್ಲ ಅದರಲ್ಲಿ ಸೇರಲಿ. ಒಂದು ಫೋಟೋ ಅಂಟಿಸಿ. ಚಿತ್ರವನ್ನು ಯಾರಾದರೂ ಬಳಸಲು ಕೇಳಿದರೆ ಎಷ್ಟು ಪ್ರತಿಗೆ ಎಷ್ಟು ಹಣ, ಅದರಲ್ಲಿ ಬರೆದವರಿಗೆ ಎಷ್ಟು, ಗುಂಪಿಗೆ ಎಷ್ಟು ಅನ್ನುವುದನ್ನು ಅದೇ ಪುಟದಲ್ಲಿ ಬರೆಯಿರಿ. ಮದುವೆ ಮನೆಗೆ ಮಾತ್ರ ಸಲ್ಲುವುದು, ಮಾರುವುದಕ್ಕಲ್ಲ ಎಂದು ಅವರು ಹೇಳುವ ಚಿತ್ತಾರ ಇದ್ದರೆ ಅದನ್ನು ಹೊರಗಿಡಿ. ಆ ತೀರ್ಮಾನ ಅವರದ್ದೇ ಆಗಿರಬೇಕು. ಸಂಘದ ಪದಾಧಿಕಾರಿಗಳದ್ದಲ್ಲ, ಡಿಸೈನರದ್ದಂತೂ ಅಲ್ಲವೇ ಅಲ್ಲ.

ಆ್ಯಪ್ ಯಾಕೆ ಬೇಡ ಅಂದೆ ಅಂದರೆ, ನಾನು ಹತ್ತಿರದಿಂದ ನೋಡಿದ ಒಂದು ಸಂಸ್ಥೆ ಅನುದಾನದ ಬಹುಪಾಲನ್ನು ಆ್ಯಪಿಗೆ ಹಾಕಿತು. ಅದು ನೋಡಲು ಚೆನ್ನಾಗಿಯೇ ಇತ್ತು. ಅನುದಾನ ಮುಗಿದ ಮೇಲೆ ಸರ್ವರಿಗೆ ದುಡ್ಡು ಕಟ್ಟುವವರಿರಲಿಲ್ಲ, ಅಪ್‌ಡೇಟ್ ಮಾಡುವವರೂ ಇರಲಿಲ್ಲ. ಈಗ ಅದು ತೆರೆಯುವುದೇ ಇಲ್ಲ. ಅಲ್ಲಿದ್ದ ಕಲಾವಿದರಿಗೆ ಅದರಿಂದ ಒಂದು ಆರ್ಡರೂ ಬರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಜಾರು. ನಿಮ್ಮ ಹತ್ತಿರ ಫೋನಿದೆ, ವಾಟ್ಸಾಪ್ ಇದೆ, ಯುಪಿಐ ಇದೆ. ಶುರುವಿಗೆ ಅಷ್ಟು ಸಾಕು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. 2013ರ ಕಂಪನಿ ಕಾಯ್ದೆಯ ಪ್ರಕಾರ, ಅದರ ಮಿತಿಯೊಳಗೆ ಬರುವ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ಇದನ್ನೇ ಸಿಎಸ್‌ಆರ್ ಅನ್ನುತ್ತಾರೆ. ಆ ಕೆಲಸಗಳ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕರಕುಶಲ ಎಲ್ಲ ಸೇರಿವೆ. ಆ ಹಣ ಪಡೆಯಲು ಸಂಘಕ್ಕೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಮತ್ತು ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆಯ ಕೆಲಸಗಳಿಗೆ ಅನುದಾನ ಕೊಡುತ್ತದೆ. ಅಲ್ಲಿಗೆ ಕನ್ನಡದಲ್ಲೇ ಬರೆಯಬಹುದು.

ಅರ್ಜಿಯಲ್ಲಿ ಆ ಪ್ರಶ್ನೆಗೆ ಏನು ಬರೆಯಬೇಕು ಅಂದರೆ, ನಾನಾದರೆ ಹೀಗೆ ಬರೆಯುತ್ತೇನೆ: "ನಮ್ಮಲ್ಲಿ ಚಿತ್ತಾರ ಬರೆಯುವವರಿಗೆ ಈಗ ಒಂದೇ ಸಲ ಕೂಲಿ ಸಿಗುತ್ತದೆ. ಅವರ ಚಿತ್ರವನ್ನು ಮತ್ತೆ ಬಳಸಿದಾಗಲೆಲ್ಲ ಹಣ ಸಿಗುವ ಪದ್ಧತಿಯೊಂದನ್ನು ಎರಡು ವರ್ಷದಲ್ಲಿ ಕಟ್ಟುತ್ತೇವೆ. ನಮ್ಮ ನಾಟಕ ಹೋಗುವ ಊರುಗಳಲ್ಲೇ ಆರ್ಡರ್ ತೆಗೆದುಕೊಳ್ಳುತ್ತೇವೆ. ಮುಗಿಯುವಾಗ ಎಷ್ಟು ಜನರಿಗೆ ಎಷ್ಟು ಹಣ ಹೋಯಿತು ಎಂದು ಪುಸ್ತಕ ತೋರಿಸುತ್ತೇವೆ." ಇದನ್ನು ಓದಿದ ಮೇಲೂ ಹೊಸದೇನಿದೆ ಎಂದು ಕೇಳುವವರ ದುಡ್ಡು ನಿಮಗೆ ಒಗ್ಗುವುದಿಲ್ಲ.

ಡಿಸೈನರ್ ಬೇಕಾದರೆ ಜುಲೈ, ಆಗಸ್ಟಿನಲ್ಲಿ ಕರೆಸಿ. ಎರಡು ದಿನದ ಕಾರ್ಯಾಗಾರ ಸುಮ್ನೆ ದಂಡ. ಒಂದು ತಿಂಗಳಾದರೂ ಊರಲ್ಲೇ ಉಳಿಯುವವರು ಬೇಕು, ಅವರಿಗೆ ಸರಿಯಾದ ಸಂಬಳವೂ ಬೇಕು. ಮಳೆಯ ಥಂಡಿಗೆ ಬೂಷ್ಟು ಹಿಡಿಯದ ಪ್ಯಾಕಿಂಗ್, ಬರೆದವರ ಹೆಸರಿರುವ ಚೀಟಿ, ಬೆಲೆಯ ಲೆಕ್ಕ, ನಾಟಕದ ಸಾಮಾನಿನ ಜೊತೆ ಒಯ್ಯಬಹುದಾದ ಮಡಚುವ ಮೇಜು. ಇಂಥ ಕೆಲಸ ಕೊಡಿ. ಚಿತ್ತಾರದ ಗೆರೆಗೆ ಕೈ ಹಚ್ಚಲು ಬಿಡಬೇಡಿ.

ಲೆಡ್ಜರನ್ನು ಮಾತ್ರ ಭೂಮಿ ಹುಣ್ಣಿಮೆಗೆ ಮೊದಲೇ ಶುರು ಮಾಡಿ. ಬುಟ್ಟಿ ಬರೆಯುವ ಹೊತ್ತಿಗೆ ಮನೆಮನೆಯಲ್ಲೂ ಕುಂಚ ಹೊರಗೆ ಬಂದಿರುತ್ತದೆ, ವಯಸ್ಸಾದವರೂ ಕೂತು ಬರೆಯುತ್ತಾರೆ. ಆ ವಾರದಲ್ಲಿ ಸಿಗುವಷ್ಟು ಮಾಹಿತಿ ವರ್ಷದ ಬೇರೆ ದಿನಗಳಲ್ಲಿ ಸಿಗುವುದಿಲ್ಲ. ಹುಡುಗಿಯರಿಬ್ಬರಿಗೆ ಪುಸ್ತಕ, ಫೋನು ಕೊಟ್ಟು ಮನೆಗಳಿಗೆ ಕಳಿಸಿ, ಫೋಟೋ ಎಲ್ಲೂ ಹಾಕಬಾರದು ಎಂದು ಮೊದಲೇ ಹೇಳಿರಿ. ಒಪ್ಪಂದದ ಪತ್ರ ಹೇಗಿರಬೇಕು ಎಂದು ಬೇಕಿದ್ದರೆ ಕೆಳಗೆ ಕೇಳಿ, ನಾವು ಬಳಸುವ ಕನ್ನಡದ ಮಾದರಿ ಇದೆ, ಹಾಕುತ್ತೇನೆ.