ಯಾವ ಕಾಡು, ಯಾವ ತಿಂಗಳ ಬೆಂಕಿ?

‘ಕಾಡ್ಗಿಚ್ಚಿನಿಂದ ಕಾಡಿಗೆ ಒಳ್ಳೆಯದಾಗುತ್ತದೆ ಎಂದು ಅಮೆರಿಕದ ಕಾಡುಗಳ ಬಗ್ಗೆ ಓದಿದೆ. ಹಾಗಿದ್ದರೆ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ನಾವೇಕೆ ಕಂಗಾಲಾಗುತ್ತೇವೆ?’ ಎಂದು ಕೇಳಿದ್ದೀರಿ. ನನ್ನದು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಹೊಗೆ ಕಂಡರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುವವರ ನಡುವೆ ಬೆಳೆದವನು ನಾನು. ನನಗೆ ಗೊತ್ತಿರುವ ಕಾಡಿನಿಂದಲೇ ಉತ್ತರಿಸುತ್ತೇನೆ.

ನೀವು ಓದಿದ್ದು ನಿಜ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಲಾಡ್ಜ್‌ಪೋಲ್ ಪೈನ್ ಮರದ ಎಷ್ಟೋ ಕಾಯಿಗಳು ಅಂಟಿನಿಂದ ಬಿಗಿದುಕೊಂಡಿರುತ್ತವೆ. ಬೆಂಕಿಯ ಕಾವಿಗೆ ಅಂಟು ಕರಗಿದರೆ ಬೀಜ ಉದುರುತ್ತದೆ. 1988ರಲ್ಲಿ ಆ ಉದ್ಯಾನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರದೇಶಕ್ಕೆ ಬೆಂಕಿ ಹಬ್ಬಿತು. ಮುಂದೆ ಅಲ್ಲಿ ಪೈನ್ ಸಸಿಗಳು ಒತ್ತೊತ್ತಾಗಿ ಎದ್ದವು. ನಮ್ಮ ಎಲೆಯುದುರುವ ಕಾಡಿನ ಮರಗಳು ಬೆಂಕಿಯನ್ನು ಎದುರಿಸುವ ಬಗೆ ಬೇರೆ. ಮತ್ತಿ ಮರವನ್ನು ನೋಡಿದ್ದೀರಾ? ಮೊಸಳೆಯ ಮೈಯಂತೆ ಬಿರಿದ ದಪ್ಪ ತೊಗಟೆ. ನೆಲದಲ್ಲಿ ಹರಿಯುವ ಸಣ್ಣ ಉರಿ ಆ ತೊಗಟೆಯನ್ನು ದಾಟಿ ಒಳಗಿನ ಜೀವಕ್ಕೆ ಮುಟ್ಟುವುದು ಕಷ್ಟ. ಮುತ್ತುಗ ಮೇಲೆ ಸುಟ್ಟರೂ ಬೇರಿನಿಂದ ಚಿಗುರುತ್ತದೆ. ಹುಲ್ಲಿನ ಜೀವವಂತೂ ಬುಡದಲ್ಲೇ ಇರುತ್ತದೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಕರಿಬೂದಿಯ ಮೇಲೆ ಎಳೆ ಹಸಿರು ಹಬ್ಬಿ, ಜಿಂಕೆ, ಕಾಟಿಗಳು ಅಲ್ಲಿಗೇ ಬರುತ್ತವೆ.

ಇದನ್ನು ಚೆನ್ನಾಗಿ ಅರಿತವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಅವರು ಹಾಕುತ್ತಿದ್ದ ಬೆಂಕಿಗೆ ‘ತರಗು ಬೆಂಕಿ’ ಎಂದೇ ಹೆಸರು. ಬೇಸಿಗೆ ಬಲಿಯುವ ಮೊದಲು, ಜನವರಿ–ಫೆಬ್ರುವರಿಯ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವವಿದ್ದು ಹುಲ್ಲು ಅರೆಬರೆ ಒಣಗಿರುವಾಗ ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಅದು ತೆವಳುತ್ತಾ ಹೋಗಿ, ತೇವ ಸಿಕ್ಕಲ್ಲಿ ತಾನಾಗಿಯೇ ಆರುವ ಸಣ್ಣ ಉರಿ. ಕಾಲುದಾರಿ ತೆರವಾಗುತ್ತದೆ, ಉಣ್ಣಿಗಳು ಸಾಯುತ್ತವೆ, ಹೊಸ ಹುಲ್ಲು ಬರುತ್ತದೆ. ನೆಲ್ಲಿಮರಕ್ಕೆ ಅಂಟಿಕೊಂಡು ರಸ ಹೀರುವ ಬಂದಳಿಕೆಯನ್ನೂ ಬೆಂಕಿಯೇ ಹತೋಟಿಯಲ್ಲಿಡುತ್ತಿತ್ತು ಎಂದು ಅವರು ಹೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾರ್ಚ್ ಹೊತ್ತಿಗೆ ಸುಡಲು ಕಾಡಿನ ನೆಲದಲ್ಲಿ ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾಯಿತು. ಬೇಟೆಯ ಜೊತೆಗೆ ತರಗು ಬೆಂಕಿಯೂ ನಿಂತಿತು. ಆಮೇಲೆ ಕಾಡನ್ನು ಮುಚ್ಚಿದ್ದು ಲಂಟಾನ. 19ನೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ಭಾರತಕ್ಕೆ ತಂದ ಗಿಡ ಅದು. 1997ರಲ್ಲಿ ಸಂಶೋಧಕರು ನೋಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನವಿದ್ದ ಜಾಗಗಳ ಸಂಖ್ಯೆ ಹತ್ತಿರ ಹತ್ತಿರ ದುಪ್ಪಟ್ಟಾಗಿತ್ತು. ಎಳೆಯ ಲಂಟಾನ ತರಗು ಬೆಂಕಿಯಲ್ಲಿ ಸುಟ್ಟುಹೋಗುತ್ತಿತ್ತು, ಬೆಂಕಿ ನಿಲ್ಲಿಸಿದ್ದೇ ತಪ್ಪಾಯಿತು ಎನ್ನುತ್ತಾರೆ ಸೋಲಿಗ ಹಿರಿಯರು. ಬೆಂಕಿ ನಿಂತದ್ದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ತಲೆಮಾರುಗಳಿಂದ ಆ ಕಾಡಿನೊಳಗೇ ಬಾಳಿದವರ ಮಾತನ್ನು ನಿಯಮ ಮಾಡುವಾಗ ಕೇಳಲಿಲ್ಲವಲ್ಲ ಎಂಬ ಸಂಕಟ ನನಗಿದೆ.

ಹಾಗಾದರೆ ಈಗಲೇ ಹಳೆಯ ಪದ್ಧತಿ ಶುರುಮಾಡಬಹುದಲ್ಲ ಎಂದು ನೀವು ಕೇಳಬಹುದು. ಕಷ್ಟವಿರುವುದು ಅಲ್ಲೇ. ಆಳೆತ್ತರ ಬೆಳೆದ ಲಂಟಾನಕ್ಕೆ ಬೆಂಕಿ ಬಿದ್ದರೆ ಗಿಡ ಸುಟ್ಟರೂ ಬುಡ ಸಾಯುವುದಿಲ್ಲ, ಮಳೆಗೆ ಮತ್ತೆ ಚಿಗುರುತ್ತದೆ. ಅದರ ಒಣ ಕಡ್ಡಿಗಳು ಏಣಿಯಂತಾಗಿ ನೆಲದ ಉರಿಯನ್ನು ಮರದ ಕೊಂಬೆಗೆ ಏರಿಸುತ್ತವೆ. ನೆಲದ ಉರಿಗೆ ಜಗ್ಗದ ಮತ್ತಿಗೂ ಆ ಕಾವನ್ನು ತಾಳುವುದು ಕಷ್ಟ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ನಮ್ಮಲ್ಲಿ ಗುಡುಗು ಸಿಡಿಲು ಬರುವುದು ಸಾಮಾನ್ಯವಾಗಿ ಮಳೆಯೊಂದಿಗೆ. ಫೆಬ್ರುವರಿ–ಮಾರ್ಚ್‌ನ ಬೆಂಕಿಗೆ ಬಹುಮಟ್ಟಿಗೆ ಮನುಷ್ಯರೇ ಕಾರಣ.

ಎಷ್ಟು ವರ್ಷಕ್ಕೊಮ್ಮೆ ಎಂಬುದೂ ಅಷ್ಟೇ ಮುಖ್ಯ. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯ ದಾಖಲೆಗಳನ್ನು ಹೋಲಿಸಿದವರು ಕಂಡದ್ದು ಇದು: 20ನೇ ಶತಮಾನದ ಆರಂಭದಲ್ಲಿ ಒಂದೇ ಜಾಗಕ್ಕೆ ಬೆಂಕಿ ಮರಳಲು ಸರಾಸರಿ 10 ವರ್ಷ ಹಿಡಿಯುತ್ತಿದ್ದರೆ, ಶತಮಾನದ ಕೊನೆಯ ಹೊತ್ತಿಗೆ ಆ ಅಂತರ ಸುಮಾರು 3 ವರ್ಷಕ್ಕೆ ಇಳಿದಿತ್ತು. ಬೆಳೆದ ಮರ ಇದನ್ನು ತಡೆದುಕೊಳ್ಳುತ್ತದೆ. ಸೊಂಟದೆತ್ತರದ ಸಸಿಗೆ ತೊಗಟೆ ದಪ್ಪವಾಗಲು ಕಾಲವೇ ಸಿಗುವುದಿಲ್ಲ. ಪ್ರತಿ ಸಲ ಸುಟ್ಟು, ಪ್ರತಿ ಸಲ ಬುಡದಿಂದ ಹೊರಡುತ್ತದೆ. ಹಳೆಯ ಮರಗಳು ಬಿದ್ದ ದಿನ ಅವುಗಳ ಜಾಗಕ್ಕೆ ಬರುವವರಿಲ್ಲ. ಬೂದಿ ಗೊಬ್ಬರವಾಗುತ್ತದೆ ಎನ್ನುವುದೂ ಅರ್ಧ ಸತ್ಯ. ಪೊಟ್ಯಾಶ್, ಸುಣ್ಣದ ಅಂಶ ನೆಲಕ್ಕೆ ಸೇರುತ್ತವೆ, ಸಾರಜನಕದ ಬಹುಪಾಲು ಹೊಗೆಯೊಂದಿಗೆ ಹೋಗುತ್ತದೆ.

ಈ ಮಾತೆಲ್ಲ ಎಲೆಯುದುರುವ ಕಾಡಿಗೆ ಮಾತ್ರ. ಆಗುಂಬೆಯಂಥ ನಿತ್ಯಹರಿದ್ವರ್ಣ ಕಾಡಿಗೂ ಬಾಬಾಬುಡನ್‌ಗಿರಿಯ ಶೋಲಾಕ್ಕೂ (ಎತ್ತರದ ಬೆಟ್ಟಗಳ ಕಣಿವೆಯ ಕಾಡು) ದಯವಿಟ್ಟು ಇದನ್ನು ಅನ್ವಯಿಸಬೇಡಿ. ಅಲ್ಲಿನ ತೆಳು ತೊಗಟೆಯ ಮರಗಳಿಗೆ ಬೆಂಕಿಯನ್ನು ತಾಳುವ ರೂಢಿಯೇ ಇಲ್ಲ.

ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು; ಅದೇ ವರ್ಷ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳೂ ಸಿಕ್ಕವು. ಮೊದಲು ಲಂಟಾನವನ್ನು ಬೇರುಸಹಿತ ಕೀಳಬೇಕು, ಆಮೇಲೆ ಆಯ್ದ ಕೆಲವು ಕಡೆ ಅರಣ್ಯ ಇಲಾಖೆಯೂ ಸೋಲಿಗರೂ ಜೊತೆಗೆ ನಿಂತು, ಜನವರಿಯ ತಂಪಿನಲ್ಲಿ, ತರಗು ಬೆಂಕಿ ಹಾಕಿ ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಒಬ್ಬೊಬ್ಬರೇ ಹೋಗಿ ಕಡ್ಡಿ ಗೀರುವುದು ಇಂದಿಗೂ ಅಪರಾಧ, ಹಾಗೆ ಮಾಡಲೂಬಾರದು. ಮಾರ್ಚ್‌ನಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಹೊಗೆ ಎದ್ದರೆ ಊರವರೊಂದಿಗೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯಲು ನಾನೂ ಓಡುತ್ತೇನೆ.