ಹೊಸ ಸೀರೆಗಿಂತ ಮೊದಲು ಹೊಸ ಅಳತೆ ಕೊಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 46, ಬ್ಯಾಂಕಿನಲ್ಲಿ ಕೆಲಸ. ಬೀರು ತುಂಬ ಸೀರೆ, ಚೂಡಿದಾರ್ ಇವೆ, ಆದರೂ ಬೆಳಿಗ್ಗೆ ಎದ್ದರೆ ಉಡೋದಕ್ಕೆ ಏನೂ ಇಲ್ಲ ಅನ್ನಿಸುತ್ತದೆ. ಆಫೀಸಿನ ಗ್ರೂಪ್ ಫೋಟೋದಲ್ಲಿ ನಿಮ್ಮನ್ನು ನೀವೇ ನೋಡಿಕೊಂಡು ಬೇಜಾರಾಯಿತು ಎಂದು ಬರೆದಿದ್ದೀರಿ. ಜಾಸ್ತಿ ಖರ್ಚಿಲ್ಲದೆ, ದಿನಾ ಹಾಕುವ ಬಟ್ಟೆಯಲ್ಲೇ ಸ್ವಲ್ಪ ಸ್ಟೈಲಾಗಿ ಕಾಣಬೇಕು ಅನ್ನುತ್ತೀರಿ. ಈ ವಯಸ್ಸಿಗೆ ಜೀನ್ಸ್ ಹಾಕಬಹುದಾ ಅಂತಲೂ ಕೇಳಿದ್ದೀರಿ.

ನನಗೀಗ 51. ಶಿವಮೊಗ್ಗದಲ್ಲಿ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಇದೇ ಬೇಜಾರು ನನಗೂ 47ರ ಹೊತ್ತಿಗೆ ಬಂದಿತ್ತು. ಆಗ ನಾನು ಮೊದಲು ಮಾಡಿದ ಕೆಲಸ ಅಂದರೆ ಅಂಗಡಿಗೆ ಹೋಗಿ ಐದು ಹೊಸ ಸೀರೆ ತಂದಿದ್ದು. ಇದ್ದ ಹಳೇ ಬ್ಲೌಸಿನ ಮೇಲೇ ಉಟ್ಟು ಕನ್ನಡಿ ಮುಂದೆ ನಿಂತರೆ ಏನೂ ಬದಲಾಗಿರಲಿಲ್ಲ. ಎದೆ ಹತ್ತಿರ ಸುಕ್ಕು, ತೋಳು ಬಿಗಿ, ಬೆನ್ನ ಮೇಲೆ ಬ್ಲೌಸ್ ಮೇಲಕ್ಕೆ ಏರಿ ಕೂತಿತ್ತು. ನಾನು ದಪ್ಪ ಆಗಿದ್ದೇನೆ, ಇನ್ನು ಇಷ್ಟೇ ಅಂದುಕೊಂಡೆ.

ಆ ಸೀರೆಗಳ ಬ್ಲೌಸ್ ಹೊಲಿಯಲು ಕೊಡೋಕೆ ಹೋದಾಗ ನಮ್ಮ ಟೈಲರ್ ಊರಲ್ಲಿ ಇರಲಿಲ್ಲ. ಪಕ್ಕದ ಬೀದಿಯಲ್ಲಿ ಹೊಸದಾಗಿ ಅಂಗಡಿ ಹಾಕಿದ್ದ ಒಬ್ಬ ಹುಡುಗಿಯ ಹತ್ತಿರ ಹೋದೆ. ಎಂದಿನಂತೆ ಅಳತೆ ಬ್ಲೌಸ್ ಕೊಟ್ಟೆ. ಅವಳು ಅದನ್ನು ಮೇಜಿನ ಮೇಲೆ ಹರಡಿ, ತೋಳಿನ ಒಳಗೆ ಕೈ ಹಾಕಿ ತಿರುಗಿಸಿ ನೋಡಿದಳು. "ಆಂಟಿ, ಇದು ಎಷ್ಟು ವರ್ಷದ್ದು?" ಅಂದಳು. ಲೆಕ್ಕ ಹಾಕಿದೆ. ಮಗ ಒಂದನೇ ಕ್ಲಾಸಿಗೆ ಸೇರಿದ ವರ್ಷ ಹೊಲಿಸಿದ್ದು. ಹದಿನಾಲ್ಕು ವರ್ಷ. ಅಷ್ಟು ವರ್ಷವೂ ಅದೇ ಬ್ಲೌಸ್ ಕೊಡುತ್ತಿದ್ದೆ, "ಒಂದಿಂಚು ಲೂಸ್ ಮಾಡಿ" ಅಂತ ಹೇಳಿ ಬರುತ್ತಿದ್ದೆ. ಅವಳು ಟೇಪ್ ತಗೊಂಡು, "ಬನ್ನಿ, ನಿಂತ್ಕೊಳ್ಳಿ, ಇವತ್ತಿನ ಅಳತೆ ತಗೋತೀನಿ" ಅಂದಳು.

ಆ ಹುಡುಗಿ ಅವತ್ತು ಹೇಳಿಕೊಟ್ಟಿದ್ದನ್ನೇ ನಿಮಗೂ ಹೇಳುತ್ತೇನೆ. ನನ್ನ ಮಟ್ಟಿಗೆ ಇದೇ ಉತ್ತರದ ಮುಕ್ಕಾಲು ಭಾಗ.

ವಯಸ್ಸಾದಂತೆ ಮೈ ಬರೀ ಅಗಲ ಆಗುವುದಿಲ್ಲ, ಅದರ ಆಕಾರವೇ ಬದಲಾಗುತ್ತದೆ. ಎದೆ ಸ್ವಲ್ಪ ಕೆಳಗೆ ಇಳಿಯುತ್ತದೆ. ಹೊಟ್ಟೆ, ತೋಳಿನ ಮೇಲ್ಭಾಗ ತುಂಬಿಕೊಳ್ಳುತ್ತವೆ. ಭುಜ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಬ್ಲೌಸಿನ ಮುಂದೆ ಹಿಡಿಯುವ ಡಾರ್ಟಿನ, ಅಂದರೆ ಎದೆಯ ಆಕಾರಕ್ಕೆ ಬಟ್ಟೆ ಮಡಚಿ ಹಾಕುವ ಚೂಪು ಹೊಲಿಗೆಯ, ತುದಿ ಎದೆಯ ಎತ್ತರಕ್ಕೆ ಸರಿಯಾಗಿ ಬರಬೇಕು. ಹಳೇ ಅಳತೆಯಲ್ಲಿ ಆ ತುದಿ ಒಂದಿಂಚು ಮೇಲೆ ಇರುತ್ತದೆ. ಆಗ ಕೆಳಗೆ ಬಟ್ಟೆ ಸಾಲದೆ ಎಳೆಯುತ್ತದೆ, ಮೇಲೆ ಜಾಸ್ತಿಯಾಗಿ ಸುಕ್ಕು ಬೀಳುತ್ತದೆ. ಪಕ್ಕದ ಹೊಲಿಗೆ ಬಿಚ್ಚಿ ಎಷ್ಟು ಲೂಸ್ ಮಾಡಿದರೂ ಇದು ಸರಿ ಹೋಗುವುದಿಲ್ಲ. ಹದಿನಾಲ್ಕು ವರ್ಷ ನಾನು ಮಾಡಿಸಿದ್ದು ಅದನ್ನೇ.

ಹಾಗಾಗಿ ಮೊದಲು ಒಂದೇ ಒಂದು ಬ್ಲೌಸ್ ಹೊಸ ಅಳತೆಯಲ್ಲಿ ಹೊಲಿಸಿ. ನಾಲ್ಕು ಬೇಡ, ಒಂದೇ ಸಾಕು. ಅಳತೆ ಕೊಡಲು ಹೋಗುವಾಗ ದಿನಾ ಹಾಕುವ ಬ್ರಾ ಹಾಕಿಕೊಂಡೇ ಹೋಗಿ. ಅದರ ಇಲಾಸ್ಟಿಕ್ ಸತ್ತಿದ್ದರೆ ಮೊದಲು ಹೊಸದು ತಗೊಳ್ಳಿ, ಇಲ್ಲದಿದ್ದರೆ ಅಳತೆಯೇ ತಪ್ಪುತ್ತದೆ. ಹೊಟ್ಟೆ ಒಳಗೆ ಎಳೆದುಕೊಂಡು ನಿಲ್ಲಬೇಡಿ. ಎದೆಯ ಸುತ್ತಳತೆ ಜೊತೆಗೆ ಭುಜದಿಂದ ಡಾರ್ಟಿನ ತುದಿವರೆಗಿನ ಉದ್ದ, ಕಂಕುಳ ಸುತ್ತ, ತೋಳಿನ ತುದಿಯ ಸುತ್ತಳತೆ, ಇಷ್ಟನ್ನೂ ಬೇರೆ ಬೇರೆಯಾಗಿ ತಗೊಳ್ಳಿ ಅಂತ ಬಾಯಿಬಿಟ್ಟು ಹೇಳಿ. ಲೈನಿಂಗ್ ಬಟ್ಟೆ ಕಾಟನ್ ಆಗಿದ್ದರೆ ಹಿಂದಿನ ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ನೆನೆಸದೆ ಹೊಲಿಸಿದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ, ಮೇಲಿನ ಬಟ್ಟೆ ಉಬ್ಬುತ್ತದೆ. ಒಳಗೆ ಎರಡೂ ಪಕ್ಕ ಒಂದೂವರೆ ಇಂಚು ಮಾರ್ಜಿನ್ ಬಿಡಿಸಿ.

ತೋಳಿನ ಉದ್ದದ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ನಾವೆಲ್ಲ ಅಭ್ಯಾಸಬಲದಿಂದ ಐದಾರು ಇಂಚಿನ ತೋಳು ಇಡಿಸುತ್ತೇವೆ. ತೋಳು ಎಲ್ಲಿ ಜಾಸ್ತಿ ದಪ್ಪ ಇದೆಯೋ ಸರಿಯಾಗಿ ಅಲ್ಲೇ ಅದರ ಅಂಚು ಬಂದು ಕಚ್ಚುತ್ತದೆ. ಮೊಣಕೈವರೆಗೆ ಇಡಿಸಿ ನೋಡಿ. ಇಲ್ಲ, ಪೂರ್ತಿ ಗಿಡ್ಡ ಇಷ್ಟವಿದ್ದರೆ ಹಾಗೇ ಇಡಿಸಿ, ಧೈರ್ಯವಾಗಿ ಹಾಕಿ. ನಡುವಿನದು ಮಾತ್ರ ಬೇಡ. ನನ್ನ ಹೊಸ ಬ್ಲೌಸಿನ ತೋಳು ಹತ್ತು ಇಂಚು. ಅದನ್ನು ತೊಟ್ಟು, ಏಳು ವರ್ಷದ ಹಳೇ ಕಾಟನ್ ಸೀರೆ ಉಟ್ಟು ಹೋದ ದಿನ ಲೈಬ್ರರಿಯಲ್ಲಿ ಇಬ್ಬರು, "ಮೇಡಂ, ಹೊಸ ಸೀರೆನಾ?" ಅಂತ ಕೇಳಿದರು. ಹೊಲಿಗೆಗೆ ಕೊಟ್ಟಿದ್ದು 450 ರೂಪಾಯಿ.

ಆ ಬ್ಲೌಸ್ ಸರಿ ಬಂದರೆ ಅದೇ ನಿಮ್ಮ ಹೊಸ ಅಳತೆ ಬ್ಲೌಸ್. ಹಳೆಯದನ್ನು ಮನೆಯಿಂದಲೇ ಹೊರಗೆ ಹಾಕಿ. ಕೈಗೆ ಸಿಕ್ಕಿದರೆ ಮತ್ತೆ ಅದನ್ನೇ ತಗೊಂಡು ಹೋಗುತ್ತೇವೆ.

ಇನ್ನು ಬೀರುವಿನ ವಿಷಯ. "ಉಡದೇ ಇರುವುದನ್ನೆಲ್ಲ ತೆಗೆದು ಹಾಕಿ" ಅನ್ನುವವರು ಬಹಳ ಜನ. ನಮಗೆ ಅದು ಅಷ್ಟು ಸುಲಭ ಅಲ್ಲ, ಅಲ್ವಾ? ಒಂದೊಂದು ಸೀರೆಗೂ ಒಂದು ಮನೆ, ಒಂದು ಮದುವೆ, ಒಬ್ಬರು ಅತ್ತಿಗೆ ಅಂಟಿಕೊಂಡಿರುತ್ತಾರೆ. ನಾನು ಮಾಡಿದ್ದು ಹೀಗೆ. ಅಡುಗೆಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ, ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತೇನೆ. ಎರಡು ತಿಂಗಳು ಅದೇ ಚೌಕದಲ್ಲಿ ಅವತ್ತು ಉಟ್ಟಿದ್ದನ್ನೂ ಬರೆದೆ. "ಹಸಿರು ಕಾಟನ್", "ಬೂದು ಚೆಕ್ಸ್", ಹೀಗೆ. ಜೊತೆಗೆ ಸಂಜೆ ಮನೆಗೆ ಬಂದಾಗ ಆರಾಮ ಅನ್ನಿಸಿದ್ದರೆ ಒಂದು ಸೊನ್ನೆ. ಎರಡು ತಿಂಗಳಾದ ಮೇಲೆ ನೋಡಿದರೆ ಅರವತ್ತಕ್ಕೂ ಜಾಸ್ತಿ ಸೀರೆ ಇಟ್ಟುಕೊಂಡು ನಾನು ಉಟ್ಟಿದ್ದು ಹನ್ನೊಂದು. ಅದರಲ್ಲಿ ಸೊನ್ನೆ ಬಿದ್ದಿದ್ದು ಏಳಕ್ಕೆ. ಆ ಏಳೂ ಕಾಟನ್ ಅಥವಾ ಲಿನನ್.

ಯಾಕೆ ಅಂತ ನನಗೆ ಆಮೇಲೆ ಗೊತ್ತಾಯಿತು. 48ರಲ್ಲಿ ಮುಟ್ಟು ಏರುಪೇರಾಗಿ, ಕೂತಲ್ಲೇ ಕುತ್ತಿಗೆ ಮುಖವೆಲ್ಲ ಬಿಸಿಯಾಗಿ ಬೆವರು ಸುರಿಯುತ್ತಿತ್ತು. ಕೌಂಟರಿನಲ್ಲಿ ಮಕ್ಕಳು ಪುಸ್ತಕ ಹಿಡಿದು ನಿಂತಿರುವಾಗ ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಪಾಲಿಯೆಸ್ಟರ್ ಸೀರೆ ಬೆವರು ಹೀರುವುದಿಲ್ಲ, ಮೈಗೆ ಅಂಟುತ್ತದೆ. ನಿಮಗೆ 46. ಇದು ಶುರುವಾಗಿರಬಹುದು, ಇಲ್ಲವೇ ಹತ್ತಿರದಲ್ಲಿರಬಹುದು. ದಿನಾ ಹಾಕುವುದಕ್ಕೆ ಹತ್ತಿ, ಲಿನನ್, ಖಾದಿ ಇವಷ್ಟೇ ಅಂತ ಈಗಲೇ ತೀರ್ಮಾನ ಮಾಡಿ. ಬೆವರದೆ, ಎಳೆದುಕೊಳ್ಳದೆ ಕೂತವರ ಮುಖವೇ ಬೇರೆ ಥರ ಇರುತ್ತದೆ.

ಗೃಹಪ್ರವೇಶ, ಸೀಮಂತ ಅಂತ ಬಂದ ಸಿಂಥೆಟಿಕ್ ಸೀರೆಗಳನ್ನು ಕೇಳಿದವರಿಗೆ ಕೊಟ್ಟೆ. ಹಳೇ ಕಾಟನ್ ಮಾತ್ರ ಕೊಡಲಿಲ್ಲ. ಅಮ್ಮನದೊಂದು ನೀಲಿ ಕಾಟನ್ ಸೀರೆ ಇತ್ತು. ಸೆರಗಿನ ಹತ್ತಿರ ಹರಿದಿತ್ತು, ಉಡಲು ಬರುತ್ತಿರಲಿಲ್ಲ. ಸೀರೆ ಅಂದರೆ ಐದೂವರೆ ಮೀಟರ್. ಹರಿದ ಭಾಗ ಬಿಟ್ಟರೂ ಒಂದು ಉದ್ದ ಕುರ್ತಾ, ಒಂದು ಗಿಡ್ಡ ಟಾಪ್ ಆಯಿತು. ಅಂಚನ್ನು ಕುರ್ತಾದ ಕೆಳಗೆ ಮತ್ತು ತೋಳಿನ ತುದಿಗೆ ಬರುವ ಹಾಗೆ ಕತ್ತರಿಸಿದರು. ತೊಟ್ಟಾಗ ಆ ಬಟ್ಟೆಯ ಮೆದುವು ಅಮ್ಮನ ಮಡಿಲಿನದ್ದೇ. ನಿಮ್ಮ ಬೀರುವಿನಲ್ಲೂ ಅಂಥದ್ದೊಂದು ಇರುತ್ತದೆ, ಹುಡುಕಿ.

ಹೊಸದು ತಗೊಳ್ಳಲೇಬೇಕು ಅನ್ನಿಸಿದರೆ ಸೀರೆಗಿಂತ ಮೊದಲು ಬ್ಲೌಸ್ ಬಟ್ಟೆ ತಗೊಳ್ಳಿ. ಗುಳೇದಗುಡ್ಡದ ಖಣ ನನಗೆ ತುಂಬ ಇಷ್ಟ. ಬಾಗಲಕೋಟೆ ಜಿಲ್ಲೆಯ ಈ ಊರಿನ ನೇಕಾರರು ತಲೆತಲಾಂತರದಿಂದ ನೇಯುತ್ತಾ ಬಂದಿರುವ ಬಟ್ಟೆ. ಸಣ್ಣ ಸಣ್ಣ ಬುಟ್ಟ, ಪಕ್ಕಕ್ಕೆ ಅಂಚು. ಒಂದು ಕಡುಗೆಂಪು, ಒಂದು ಗಿಳಿಹಸಿರು ಇದ್ದರೆ ಎಂಟು ಹತ್ತು ಸಾದಾ ಸೀರೆಗಳಿಗೆ ಹೊಂದುತ್ತವೆ. ಖಣದ ಅಗಲ ಕಡಿಮೆ ಇರುತ್ತದೆ, ಮೊಣಕೈವರೆಗೆ ತೋಳು ಬೇಕಿದ್ದರೆ ಅಂಗಡಿಯಲ್ಲೇ ಹೇಳಿ ಜಾಸ್ತಿ ತಗೊಳ್ಳಿ. ಸೀರೆ ಬೇಕಾದರೆ ಅದೇ ಜಿಲ್ಲೆಯ ಇಳಕಲ್ ನೋಡಿ. ಕೆಂಪು ಸೆರಗನ್ನು ಮೈಗೆ ಕೊಂಡಿ ಹಾಕಿ ಸೇರಿಸಿ ನೇಯುವ ಸೀರೆ ಅದು. ಹತ್ತಿಯದು ತಗೊಂಡರೆ ಆಫೀಸಿಗೆ ಆಗುತ್ತದೆ, ಸಂಜೆ ಯಾರದ್ದಾದರೂ ಮನೆಗೆ ಹೋಗಲೂ ಆಗುತ್ತದೆ. ನಮ್ಮ ಕಡೆಯದು ಅಂದರೆ ಸಾಗರದ ಹತ್ತಿರ ಹೆಗ್ಗೋಡಿನ ಚರಕ ಸಂಸ್ಥೆಯ ಬಟ್ಟೆ. ಅಲ್ಲಿ ಹೆಣ್ಣುಮಕ್ಕಳು ಸೇರಿ ಕೈಮಗ್ಗದಲ್ಲಿ ನೇಯುತ್ತಾರೆ, ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಂಥ ಸಹಜ ಬಣ್ಣ ಹಾಕುತ್ತಾರೆ. ಆ ಕಂದುಗೆಂಪು ಬಣ್ಣ ನರೆಗೂದಲಿಗೆ ಎಷ್ಟು ಚೆಂದ ಹೊಂದುತ್ತದೆ ಅಂದರೆ, ನಾನು ಡೈ ಹಾಕುವುದನ್ನು ನಿಲ್ಲಿಸಿದ್ದೇ ಆ ಕುರ್ತಾ ತಂದ ಮೇಲೆ.

ಬಣ್ಣದ ಮಾತು ಬಂತು. "ವಯಸ್ಸಿಗೆ ತಕ್ಕ ಬಣ್ಣ" ಅಂತ ಅಂಗಡಿಯವರು ತಿಳಿ ಕಂದು, ಮಾಸಲು ಗುಲಾಬಿ ಹರಡುತ್ತಾರೆ. ಮನೆಯವರೂ ತಲೆಯಾಡಿಸುತ್ತಾರೆ. ನೀವು ಒಪ್ಪಬೇಡಿ. ಸೀರೆಯನ್ನು ಅಂಗಡಿಯ ಲೈಟಿನಲ್ಲಿ ನೋಡದೆ ಬಾಗಿಲ ಹತ್ತಿರ ತನ್ನಿ, ಗಲ್ಲದ ಕೆಳಗೆ ಹಿಡಿದು ಕನ್ನಡಿ ನೋಡಿ. ಕಣ್ಣ ಕೆಳಗಿನ ಕಪ್ಪು ಜಾಸ್ತಿ ಕಂಡರೆ ಆ ಬಣ್ಣ ಬೇಡ. ಮುಖ ಬೆಳಗಿದರೆ ಅದು ರಾಣಿ ಗುಲಾಬಿಯಾದರೂ ಸರಿ, ತಗೊಳ್ಳಿ.

ಲಂಗದ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ. ಸೀರೆ ಬೀಳುವ ಅಂದ ಅರ್ಧ ಲಂಗದ ಮೇಲೆ ಇದೆ. ನೆರಿಗೆ ಜಾರಬಾರದು ಅಂತ ಲಾಡಿಯನ್ನು ಉಸಿರು ಕಟ್ಟುವಷ್ಟು ಬಿಗಿಯುತ್ತೇವೆ. ಸಂಜೆ ಬಿಚ್ಚಿದರೆ ಸೊಂಟದಲ್ಲಿ ಕಪ್ಪು ಗೆರೆ, ತುರಿಕೆ. ಇದನ್ನು ಸುಮ್ನೆ ಬಿಡಬೇಡಿ. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವಯಸ್ಸಾದ ಹೆಂಗಸರ ವಿಷಯ ಬರೆದಿದ್ದರು. ವರ್ಷಗಟ್ಟಲೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಉಜ್ಜಿ ಉಜ್ಜಿ ಆದ ಗಾಯ ವಾಸಿಯಾಗದೆ ಚರ್ಮದ ಕ್ಯಾನ್ಸರ್ ಆಗಿತ್ತು. ತೀರಾ ಅಪರೂಪ, ಹೆದರಬೇಡಿ. ಆದರೆ ಲಾಡಿಯ ಬದಲು ಎರಡು ಇಂಚು ಅಗಲದ ಪಟ್ಟಿ ಹೊಲಿಸಿ, ಪಕ್ಕದಲ್ಲಿ ಹುಕ್ಸ್ ಹಾಕಿಸಿ. ಒತ್ತಡ ಹಂಚಿಹೋಗುತ್ತದೆ, ಹೊಟ್ಟೆಯ ಮೇಲೆ ಗಂಟಿನ ಉಬ್ಬೂ ಕಾಣುವುದಿಲ್ಲ. ಗೆರೆಯ ಜಾಗದಲ್ಲಿ ಗಾಯ ಇದ್ದು ವಾಸಿಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಚೂಡಿದಾರ್ ವಿಷಯದಲ್ಲೂ ಇದೇ ಮಾತು, ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂರಬೇಕು. ಹೊಟ್ಟೆಗೆ ಜಾಗ ಬೇಕು ಅಂತ ಎರಡು ಸೈಜ್ ದೊಡ್ಡದು ತಗೊಂಡರೆ ಭುಜ ಜೋತುಬಿದ್ದು ಇನ್ನೂ ದಣಿದ ಹಾಗೆ ಕಾಣುತ್ತೇವೆ. ಭುಜಕ್ಕೆ ಸರಿಯಾದ ಸೈಜ್ ತಗೊಂಡು, ಪಕ್ಕದ ಕಟ್ ಎರಡು ಇಂಚು ಮೇಲಕ್ಕೆ ಮಾಡಿಸಿ. ಕೂತಾಗ ಎಳೆಯುವುದಿಲ್ಲ. ಲೆಗ್ಗಿಂಗ್ಸ್ ಬದಲು ನೇರವಾದ ಕಾಟನ್ ಪ್ಯಾಂಟ್ ಹಾಕಿದರೆ ಅದೇ ಹಳೇ ಕುರ್ತಾ ಬೇರೆ ಥರ ಕಾಣುತ್ತದೆ. ವೇಲ್ ಬೇಕಿದ್ದರೆ ಹಾಕಿ, ಇಲ್ಲದಿದ್ದರೆ ಇಲ್ಲ.

ಚಪ್ಪಲಿ ಮೆತ್ತಗಿರಲಿ, ಮಂಡಿ ನಿಮ್ಮನ್ನು ನೆನೆಸಿಕೊಳ್ಳುತ್ತದೆ. ಕಿವಿಗೆ ದಿನಾ ಅದೇ ಸಣ್ಣ ಓಲೆ ಹಾಕಿ ಹಾಕಿ ಬೇಜಾರಾಗಿದ್ದರೆ ಚನ್ನಪಟ್ಟಣದ ಮರದ ಓಲೆ ಒಂದು ಜೊತೆ ತಗೊಳ್ಳಿ. ಭಾರ ಇಲ್ಲ, ಬಣ್ಣ ಚೆಂದ.

ಜೀನ್ಸ್ ಧಾರಾಳವಾಗಿ ಹಾಕಬಹುದು. ನಾನು ಮೊದಲ ಸಲ ಹಾಕಿದ್ದು 49ರಲ್ಲಿ, ಜೋಗಕ್ಕೆ ಹೋಗುವಾಗ. ಸೊಂಟ ಎತ್ತರಕ್ಕಿರುವುದು, ಕಾಲು ನೇರವಾಗಿರುವುದು, ಕಡುನೀಲಿ ಬಣ್ಣದ್ದು ತಗೊಳ್ಳಿ. ಹೊಟ್ಟೆಯ ಕೆಳಗೆ ಕೂರುವುದು ಬೇಡ, ಕೂತಾಗ ಬೆನ್ನ ಹಿಂದೆ ಜಾರುತ್ತದೆ. ಅಂಗಡಿಯ ಟ್ರಯಲ್ ರೂಮಿನಲ್ಲಿ ನಿಂತು ನೋಡಿದರೆ ಸಾಲದು, ಕುಕ್ಕರುಗಾಲಲ್ಲಿ ಕೂತು ಎದ್ದು ನೋಡಿ. ಉದ್ದ ಜಾಸ್ತಿಯಾದರೆ ಮಡಚಬೇಡಿ, ಟೈಲರ್ ಹತ್ತಿರ ಕತ್ತರಿಸಿ ಹೊಲಿಸಿ. ಮೇಲೆ ಆ ಗಿಡ್ಡ ಕಾಟನ್ ಟಾಪ್ ಹಾಕಿ. ನಾನು ಅವತ್ತು ಹಾಕಿದ್ದು ಅಮ್ಮನ ನೀಲಿ ಸೀರೆಯದ್ದು.