ಕಾಸಿನ ಮಾತು: ತೆಳು, ಚಿಕ್ಕದು, ಹಗುರ, ಸವೆದದ್ದು

ಈ ಸಲ ಬಂದ ಪತ್ರಗಳಲ್ಲಿ ತೆಳ್ಳಗಿನ ನಾಣ್ಯದ ಪ್ರಶ್ನೆಗಳೇ ಜಾಸ್ತಿ. ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದು ಕೂತಿದೆ. ನನಗೂ ಹೊರಗೆ ಹೋಗುವ ಕೆಲಸ ಇರಲಿಲ್ಲ, ಒಂದೊಂದು ಪತ್ರವನ್ನೂ ಎರಡೆರಡು ಸಲ ಓದಿದೆ. ಬ್ಯಾಂಕಿನ ಕೌಂಟರಿನಲ್ಲಿ 31 ವರ್ಷ ಚಿಲ್ಲರೆ ಎಣಿಸಿದವಳು ನಾನು. ಕಣ್ಣಿಗಿಂತ ಮೊದಲು ಬೆರಳಿಗೇ ನಾಣ್ಯ ಗೊತ್ತಾಗುತ್ತದೆ ಅನ್ನುವುದು ಅಲ್ಲಿ ಕಲಿತದ್ದು.

ಬೇಲೂರಿನಿಂದ ಒಬ್ಬ ಓದುಗರು: ಅಜ್ಜಿಯ ಎಲೆ ಅಡಿಕೆ ಸಂಚಿಯಲ್ಲಿ ಪುಟ್ಟ ಚಿನ್ನದ ಕಾಸು ಸಿಕ್ಕಿತು. ಅಕ್ಕಸಾಲಿ ತೂಗಿ 0.36 ಗ್ರಾಂ ಅಂದರು. ಒಂದು ಕಡೆ ಕೂತ ಮೂರ್ತಿ, ಇನ್ನೊಂದು ಕಡೆ ನಾಗರಿ ಅಕ್ಷರ. ಇದು ಸವೆದು ತೆಳ್ಳಗಾದ ವರಹವೇ?

ಅಲ್ಲ. ವರಹ ಎಷ್ಟೇ ಸವೆದರೂ ಇಷ್ಟಕ್ಕೆ ಇಳಿಯುವುದಿಲ್ಲ. ವರಹದ ತೂಕ ಸುಮಾರು 3.4 ಗ್ರಾಂ. ನಿಮ್ಮ ಕೈಯಲ್ಲಿರುವುದು 'ಹಣ' ಇರಬೇಕು. ನಾವು ಇವತ್ತು ದುಡ್ಡಿಗೆಲ್ಲ ಹಣ ಅನ್ನುತ್ತೇವಲ್ಲ, ಆ ಹೆಸರು ಈ ಪುಟ್ಟ ಕಾಸಿನದು. ದುಡ್ಡು ಅನ್ನುವುದೂ ಒಂದು ತಾಮ್ರದ ನಾಣ್ಯದ ಹೆಸರೇ. ಕೂತ ಮೂರ್ತಿ ನರಸಿಂಹನಾದರೆ ಅದು ಕಂಠೀರಾಯಿ ಹಣ. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ್ದು. ಅವರ ನಂತರವೂ ಆ ಹೆಸರಿನ ಹಣ ಬಹಳ ಕಾಲ ಓಡಾಡಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ತೆಳು, ಚಿಕ್ಕದು, ಹಗುರ, ಸವೆದದ್ದು, ಈ ನಾಲ್ಕೂ ಬೇರೆ ಬೇರೆ. ಹಣದ ಅಗಲ ಐದಾರು ಮಿಲಿಮೀಟರ್, ಒಂದು ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಹಾಗಾಗಿ ಹಗುರ. ಆದರೆ ಆ ಅಗಲಕ್ಕೆ ಅದು ತೆಳ್ಳಗಿಲ್ಲ, ದಪ್ಪವೇ. ಎರಡು ಬೆರಳಿನ ನಡುವೆ ಇಟ್ಟು ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ, ಉಗುರು ತಡೆಯುತ್ತದೆ. ನಿಜವಾದ ತೆಳು ನಾಣ್ಯದಲ್ಲಿ ಉಗುರಿಗೆ ಅಂಚೇ ಸಿಗುವುದಿಲ್ಲ. ಇನ್ನು ಸವೆದದ್ದು ಹೇಗೆ ಗೊತ್ತಾಗುತ್ತದೆ? ಚಿತ್ರದ ಎತ್ತರದ ಜಾಗಗಳು, ಅಂದರೆ ಮೂಗು, ಮೊಣಕಾಲು, ಮೊದಲು ನುಣ್ಣಗಾಗುತ್ತವೆ. ತಗ್ಗಿನ ಗೆರೆಗಳು ಉಳಿದಿರುತ್ತವೆ. ಅಚ್ಚು ಸರಿಯಾಗಿ ಬೀಳದ ನಾಣ್ಯದಲ್ಲಿ ಹಾಗಲ್ಲ, ಒಂದು ಪಕ್ಕ ಪೂರ್ತಿ ಮಾಸಿ ಇನ್ನೊಂದು ಪಕ್ಕ ಹೊಸದರಂತೆ ಇರುತ್ತದೆ.

ಹಾಗ, ವೀಸ ಅಂತ ಹಣಕ್ಕಿಂತಲೂ ಸಣ್ಣ ಲೆಕ್ಕ ನಮ್ಮಲ್ಲಿತ್ತು. ಹಾಗ ಅಂದರೆ ಹಣದಲ್ಲಿ ಕಾಲು ಪಾಲು. ಮುಪ್ಪಾಗ ಅಂದರೆ ಮೂರು ಹಾಗ. 'ಹಾಗದ ಕೆಲಸಕ್ಕೆ ಮುಪ್ಪಾಗ ಕೂಲಿ' ಅನ್ನುವಾಗ ಆ ಲೆಕ್ಕವನ್ನೇ ಆಡುತ್ತಿದ್ದೇವೆ.

ಸಕಲೇಶಪುರದಿಂದ ಒಬ್ಬ ವಿದ್ಯಾರ್ಥಿನಿ: 'ಬ್ರ್ಯಾಕ್ಟಿಯೇಟ್' ಅನ್ನುವ ಪದ ಓದಿದೆ. ಹಾಗಂದರೇನು? ನಮ್ಮ ದೇಶದಲ್ಲಿ ಅಂಥದ್ದು ಇತ್ತಾ? ನಾಣ್ಯದ ದಪ್ಪವನ್ನು ಅಳೆಯುವುದು ಹೇಗೆ?

ಈ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ ಅಂತಲೇ ಹೇಳಬೇಕು.

ಲ್ಯಾಟಿನ್ನಿನಲ್ಲಿ 'ಬ್ರ್ಯಾಕ್ಟಿಯಾ' ಅಂದರೆ ತೆಳು ತಗಡು. ಹಾಗಾಗಿ ನಾನು ಇವನ್ನು ತಗಡು ನಾಣ್ಯ ಅಂತಲೇ ಕರೆಯುತ್ತೇನೆ, ನಮ್ಮಲ್ಲಿ ಒಳ್ಳೆಯ ಪದ ಇರುವಾಗ ಬೇರೆ ಯಾಕೆ? 12 ಮತ್ತು 13ನೇ ಶತಮಾನದಲ್ಲಿ ಜರ್ಮನಿಯ ಕಡೆ ಇವು ತುಂಬಾ ಬಳಕೆಯಲ್ಲಿದ್ದವು. ಬೆಳ್ಳಿಯನ್ನು ಕಾಗದದಂತೆ ಬಡಿದು, ಕೆಳಗೆ ಚರ್ಮ ಅಥವಾ ಅಂಥದೇ ಮೆತ್ತನೆಯ ಏನಾದರೂ ಇಟ್ಟು, ಮೇಲಿನಿಂದ ಒಂದೇ ಅಚ್ಚು ಹೊಡೆಯುತ್ತಿದ್ದರು. ಮುಂದೆ ಉಬ್ಬಿದ ಚಿತ್ರ, ಹಿಂದೆ ಅದೇ ಚಿತ್ರ ತಗ್ಗಾಗಿ, ತಿರುವುಮುರುವಾಗಿ. ಮೂರು ನಾಲ್ಕು ಸೆಂಟಿಮೀಟರ್ ಅಗಲದವೂ ಇವೆ, ತೂಕ ಮಾತ್ರ ಒಂದು ಗ್ರಾಂ ಆಸುಪಾಸು. ಬೇಗ ಮುರಿಯುತ್ತಿದ್ದವು. ಆದರೆ ಬಹಳ ದಿನ ಬಾಳಬೇಕಾದ ನಾಣ್ಯವೂ ಅದಾಗಿರಲಿಲ್ಲ. ಆಗಾಗ ಹಳೆಯದನ್ನು ವಾಪಸ್ ಪಡೆದು ಹೊಸದು ಕೊಡುತ್ತಿದ್ದರು. ಹಳೆಯ 12 ಕೊಟ್ಟರೆ ಹೊಸ 9 ಅನ್ನುವಂಥ ಲೆಕ್ಕ. ಉಳಿದ ಮೂರು, ನಾಣ್ಯ ಹೊಡೆಸುವ ಒಡೆಯನಿಗೆ ತೆರಿಗೆ.

ಅದೇ 12ನೇ ಶತಮಾನದಲ್ಲಿ ನಮ್ಮ ಹಳೇಬೀಡಿನಲ್ಲಿ ಏನು ನಡೆಯುತ್ತಿತ್ತು ನೋಡಿ. ವಿಷ್ಣುವರ್ಧನ ತಲಕಾಡನ್ನು ಗೆದ್ದು, 'ಶ್ರೀ ತಳಕಾಡುಗೊಂಡ' ಅಂತ ಕನ್ನಡ ಅಕ್ಷರದಲ್ಲೇ ಚಿನ್ನದ ಗದ್ಯಾಣ ಹೊಡೆಸಿದ. ಗಟ್ಟಿ ನಾಣ್ಯ, ನಾಲ್ಕು ಗ್ರಾಂ ಹತ್ತಿರ, ಎರಡೂ ಕಡೆ ಅಚ್ಚು. ಮೊದಲ ಸಲ ಮ್ಯೂಸಿಯಂ ಗಾಜಿನ ಹಿಂದೆ ಅದನ್ನು ಕಂಡಾಗ, ಮೂರು ಸಾಲಿನ ಅಕ್ಷರ ಒಂದೊಂದಾಗಿ ಕೂಡಿಸಿ ಓದಿ, ನಾನು ಅಲ್ಲೇ ಸುಮ್ನೆ ನಿಂತುಬಿಟ್ಟಿದ್ದೆ.

ತಗಡು ನಾಣ್ಯ ನಮ್ಮ ದೇಶಕ್ಕೆ ಹೊಸದಲ್ಲ. ಜರ್ಮನಿಗಿಂತ ಆರು ಶತಮಾನ ಮೊದಲೇ, ಈಗಿನ ಛತ್ತೀಸಗಢದ ಕಡೆ ಆಳಿದ ಶರಭಪುರೀಯ ದೊರೆ ಪ್ರಸನ್ನಮಾತ್ರನ ಚಿನ್ನದ ನಾಣ್ಯಗಳು ಹೀಗೇ ಇವೆ. ತೆಳು ತಗಡು, ಒಂದೇ ಕಡೆಯಿಂದ ಉಬ್ಬಿಸಿದ ಗರುಡ, ಪಕ್ಕದಲ್ಲಿ ಶಂಖ, ಚಕ್ರ. ನೇಪಾಳದಲ್ಲಂತೂ 'ದಾಮ್' ಅನ್ನುವ ಬೆಳ್ಳಿ ಚೂರು ಊದಿದರೆ ಹಾರಿಹೋಗುವಷ್ಟು ಹಗುರ.

ಅಳತೆಯ ಮಾತು. ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಇದ್ದರೆ ಅದರ ದವಡೆಯನ್ನು ಅಂಚಿನ ಹತ್ತಿರ ಹಿಡಿಯಬೇಡಿ. ಯಂತ್ರದಲ್ಲಿ ಹೊಡೆದ ನಾಣ್ಯಕ್ಕೆ ಸುತ್ತ ಎತ್ತರದ ಏಣು ಇರುತ್ತದೆ. ನೀವು ಅಳೆಯುವುದು ಆ ಏಣನ್ನು, ನಡುವಿನ ಬಯಲನ್ನಲ್ಲ. ಏಣು ಬೇರೆ, ಅಂಚು ಬೇರೆ. ಏಣು ಮೇಲ್ಮೈಯ ಸುತ್ತಿನ ಕಟ್ಟೆ. ಅಂಚು ಅಂದರೆ ನಾಣ್ಯವನ್ನು ಚಕ್ರದಂತೆ ಉರುಳಿಸಿದಾಗ ನೆಲಕ್ಕೆ ತಾಗುವ ಭಾಗ. ಸಂಗ್ರಹಕಾರರೂ ಇವೆರಡನ್ನು ಕಲಸಿಬಿಡುತ್ತಾರೆ. ತಗಡು ನಾಣ್ಯವನ್ನಂತೂ ಲೋಹದ ದವಡೆಗೆ ಕೊಡಲೇಬೇಡಿ. ತೂಕ ಮತ್ತು ಅಗಲ ಬರೆದಿಟ್ಟರೆ ಸಾಕು. ಅಕ್ಕಸಾಲಿಯ ತಕ್ಕಡಿಯೇ ನಮಗೆ ಒಳ್ಳೆಯ ಅಳತೆಗೋಲು.

ಕಡೂರಿನಿಂದ ಒಬ್ಬ ರೈತರು: ಅಡಿಕೆ ಗುಂಡಿ ತೋಡುವಾಗ ಬಟ್ಟಲಿನಂತೆ ಬಾಗಿದ ಒಂದು ಹಳದಿ ಕಾಸು ಸಿಕ್ಕಿದೆ. ನಡುವೆ ಹೂವಿನ ಗುರುತು. ಗುದ್ದಲಿ ತಾಗಿ ಬಾಗಿರಬಹುದು. ತಟ್ಟಿ ಸಮ ಮಾಡಲೇ?

ದಯವಿಟ್ಟು ತಟ್ಟಬೇಡಿ. ಈ ಪತ್ರ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಅದು ಗುದ್ದಲಿ ಬಾಗಿಸಿದ್ದಲ್ಲ, ಹುಟ್ಟಿನಿಂದಲೇ ಬಾಗಿದ್ದು ಇರಬಹುದು. ನಡುವೆ ತಾವರೆ, ಸುತ್ತ ಬೇರೆ ಬೇರೆ ಸಣ್ಣ ಮುದ್ರೆಗಳು ಇದ್ದರೆ ಅದನ್ನು ಪದ್ಮಟಂಕ ಅನ್ನುತ್ತಾರೆ. ಕದಂಬರ ಹೆಸರಿನಲ್ಲೂ ದೇವಗಿರಿಯ ಯಾದವರ ಹೆಸರಿನಲ್ಲೂ ಇಂಥವನ್ನು ಗುರುತಿಸಿದ್ದಾರೆ. ಒಂದೊಂದು ಗುರುತನ್ನೂ ಬೇರೆ ಬೇರೆ ಮುದ್ರೆಯಿಂದ ಒತ್ತುತ್ತಿದ್ದರು. ತೆಳು ಬಿಲ್ಲೆಯ ಮೇಲೆ ಏಟು ಬಿದ್ದ ಹಾಗೆ ಅದು ಬಟ್ಟಲಾಗುತ್ತದೆ. ಅಕ್ಕಿರೊಟ್ಟಿ ತಟ್ಟುವಾಗ ನೋಡಿದ್ದೀರಲ್ವಾ, ತೆಳ್ಳಗಾದಂತೆ ಅಂಚು ಸೀಳುತ್ತದೆ. ತೆಳು ಬಿಲ್ಲೆಯ ಅಂಚೂ ಸುತ್ತಿಗೆ ಏಟಿಗೆ ಹಾಗೇ ಸೀಳುತ್ತದೆ. ಆ ಸೀಳು ಹಾಳಾದ ಗುರುತಲ್ಲ, ಕೈಯಲ್ಲಿ ಮಾಡಿದ್ದರ ಗುರುತು. ಇನ್ನೊಂದು ಲಾಭವೂ ಇದೆ. ಮುತ್ತುಗದ ಎಲೆ ಬಿಡಿಯಾಗಿದ್ದರೆ ಬಳುಕುತ್ತದೆ, ದೊನ್ನೆ ಮಾಡಿದರೆ ಬಿಸಿ ಪಾಯಸವನ್ನೂ ತಡೆಯುತ್ತದೆ. ಬಾಗಿದ ತಗಡಿಗೂ ಹಾಗೇ ಬಿಗಿ ಬರುತ್ತದೆ.

ನನ್ನ ಕೈಯಿಂದ ಆದ ತಪ್ಪನ್ನೂ ಹೇಳುತ್ತೇನೆ. ನನ್ನ ಹತ್ತಿರ ಒಂದು ಮುದ್ರೆಯೊತ್ತಿದ ಬೆಳ್ಳಿ ನಾಣ್ಯ ಇತ್ತು, ಮಗಧದ ಕಡೆಯ ಹಳೆಯ ಬಗೆ. ಆ ಸಾಲಿನಲ್ಲಿ ಮೊದಲಿನವು ಅಗಲ, ತೆಳು. ನಂತರದವು ಚಿಕ್ಕವು, ದಪ್ಪ. ತೂಕ ಮಾತ್ರ ಎರಡಕ್ಕೂ ಸುಮಾರು 3.4 ಗ್ರಾಂ. ನನ್ನದು ತೆಳುವಾದದ್ದು, ಸ್ವಲ್ಪ ಅಲೆಯಂತೆ ಬಾಗಿತ್ತು. ಆಲ್ಬಮ್ಮಿನಲ್ಲಿ ಚೆನ್ನಾಗಿ ಕೂರಲಿ ಅಂತ ಎರಡು ಹಲಗೆ ನಡುವೆ ಇಟ್ಟು ಮೆಲ್ಲನೆ ಒತ್ತಿದೆ. ಒಣಗಿದ ಹಪ್ಪಳ ಮುರಿದಂಥ ಸಣ್ಣ ಸದ್ದು. ಎರಡು ಚೂರು. ಒಳಗಿನ ಬೆಳ್ಳಿ ಹೊಳೆಯುತ್ತಿರಲಿಲ್ಲ, ಕಲ್ಲುಸಕ್ಕರೆ ಮುರಿದಂತೆ ಕಾಳು ಕಾಳಾಗಿತ್ತು. ಬೆಳ್ಳಿ ಶತಮಾನಗಟ್ಟಲೆ ಮಣ್ಣಿನಲ್ಲಿದ್ದರೆ ಒಳಗೊಳಗೇ ಪೆಡಸಾಗುತ್ತದೆ. ಹೊರಗಿನಿಂದ ತಿಳಿಯುವುದಿಲ್ಲ. ಎರಡು ಸಾವಿರ ವರ್ಷಕ್ಕೂ ಮೀರಿ ಉಳಿದದ್ದು ನನ್ನ ಹೆಬ್ಬೆರಳಿನ ಕೆಳಗೆ ಹೋಯಿತು. ಆ ಎರಡು ಚೂರನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು, ಇದು ಮುಖ್ಯ. ನೆಲದಲ್ಲಿ ಹುದುಗಿ ಸಿಕ್ಕ ಹಳೆಯ ಚಿನ್ನ ನಿಧಿ ಕಾಯ್ದೆಗೆ ಬರುತ್ತದೆ. ಕರ್ನಾಟಕದ್ದೇ 1962ರ ಕಾಯ್ದೆ ಇದೆ. ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ. ಮಣ್ಣು ತೊಳೆಯಬೇಡಿ, ಹುಣಿಸೆಹಣ್ಣು ಹಾಕಬೇಡಿ. ಯಾವ ಗುಂಡಿ, ಎಷ್ಟು ಆಳ, ಜೊತೆಗೆ ಮಡಕೆ ಚೂರು ಇತ್ತಾ, ಎಲ್ಲ ಇವತ್ತೇ ಬರೆದಿಡಿ. ಆ ಜಾಗದ ಕಥೆ ಕಾಸಿಗಿಂತ ದೊಡ್ಡದು.

ಅರಸೀಕೆರೆಯಿಂದ: ನನ್ನ ಒಂದು ರೂಪಾಯಿಯ ಎರಡೂ ಕಡೆ ಸಿಂಹದ ಚಿತ್ರವೇ ಇದೆ, ಹಿಂಬದಿಯದು ತಗ್ಗಾಗಿ ತಿರುಗಿದೆ. ಇದೂ ತಗಡು ನಾಣ್ಯವೇ?

ಅಲ್ಲ. ಇದಕ್ಕೆ ಬ್ರೋಕೇಜ್ ಅನ್ನುತ್ತಾರೆ, ಟಂಕಸಾಲೆಯಲ್ಲಿ ಆದ ತಪ್ಪು. ಹೊಡೆದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಂಡರೆ, ಮುಂದೆ ಬರುವ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ. ನೋಡಲು ತಗಡು ನಾಣ್ಯದಂತೆ ಕಂಡರೂ ದಪ್ಪ ಮಾಮೂಲಿ. ಎರಡು ನಾಣ್ಯವನ್ನು ಬೆಂಚ್ ವೈಸಿನಲ್ಲಿ ಒತ್ತಿ ಇಂಥದ್ದು 'ತಯಾರಿಸುವವರೂ' ಇದ್ದಾರೆ. ಹಾಗೆ ಮಾಡಿದ್ದರಲ್ಲಿ ಹಿಂಬದಿಯ ಮೂಲ ಚಿತ್ರದ ಅವಶೇಷ ಚಪ್ಪಟೆಯಾಗಿ ಉಳಿದಿರುತ್ತದೆ. ಭೂತಗನ್ನಡಿಯಲ್ಲಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಅಂಕಿಯ ನೆರಳು ಕಂಡರೆ ಕೊಳ್ಳಬೇಡಿ.

ಮೂಡಿಗೆರೆಯಿಂದ ಏಳನೇ ತರಗತಿಯ ಹುಡುಗ: ನಮ್ಮ ತಾತ ಒಂದು ಪೈಸೆ ನೀರಲ್ಲಿ ತೇಲುತ್ತಿತ್ತು ಅನ್ನುತ್ತಾರೆ. ನಿಜವಾ?

ನಿಜ ಪುಟ್ಟ. ನಾವೂ ಹಿತ್ತಾಳೆ ಕೊಳಗದಲ್ಲಿ ತೇಲಿಸಿದ್ದೇವೆ. 1965ರಿಂದ ಬಂದ ಚೌಕಾಕಾರದ ಅಲ್ಯೂಮಿನಿಯಂ ಒಂದು ಪೈಸೆ, ತೂಕ ಮುಕ್ಕಾಲು ಗ್ರಾಂ. ಅಲ್ಯೂಮಿನಿಯಂ ನೀರಿಗಿಂತ ಭಾರವೇ, ಮುಳುಗಿಸಿಬಿಟ್ಟರೆ ತಳ ಸೇರುತ್ತದೆ. ಆದರೆ ಒಣಗಿದ ಪೈಸೆಯನ್ನು ಮಲಗಿಸಿ ಮೆಲ್ಲನೆ ಇಟ್ಟರೆ ನೀರಿನ ಮೇಲ್ಮೈ ಅದನ್ನು ಹೊರುತ್ತದೆ. ಪೈಸೆಯ ಸುತ್ತ ನೀರು ಸ್ವಲ್ಪ ತಗ್ಗಿರುವುದು ಕಾಣುತ್ತದೆ, ನೋಡು. ತಾತನ ಹತ್ತಿರ ತೂತಿನ ಕಾಸು ಇದೆಯಾ ಕೇಳು. 1943ರಿಂದ 1947ರವರೆಗೆ ಹೊಡೆದದ್ದು, ಯುದ್ಧಕಾಲದಲ್ಲಿ ತಾಮ್ರ ಉಳಿಸಲು ನಡುವೆ ದೊಡ್ಡ ತೂತು ಬಿಟ್ಟರು. ಅಗಲ 21 ಮಿಲಿಮೀಟರ್, ತೂಕ ಎರಡೇ ಗ್ರಾಂ.

ಚನ್ನರಾಯಪಟ್ಟಣದಿಂದ: 1818ರ ಈಸ್ಟ್ ಇಂಡಿಯಾ ಕಂಪನಿಯ ರಾಮಪಟ್ಟಾಭಿಷೇಕದ ನಾಣ್ಯ ಇದೆ. ಅಕ್ಕಿ ಕಾಳನ್ನು ತನ್ನತ್ತ ಎಳೆಯುತ್ತದೆ, ಲಕ್ಷಗಟ್ಟಲೆ ಬೆಲೆ ಅನ್ನುತ್ತಾರೆ.

ಕಂಪನಿ ಅಂಥ ನಾಣ್ಯ ಹೊಡೆಸಲೇ ಇಲ್ಲ. ದೇವರ ಚಿತ್ರ ಇದೆ, ಪೂಜೆಗೆ ಇಟ್ಟುಕೊಳ್ಳಿ. ಮಾರಿಸಿಕೊಡುತ್ತೇನೆ ಅಂತ 'ಪರೀಕ್ಷೆ ಶುಲ್ಕ' ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಅಕ್ಕಿ ಎಳೆಯುವ ಲೋಹದ ಹೆಸರಿನಲ್ಲಿ ಮನೆ, ಜಮೀನು ಕಳೆದುಕೊಂಡವರಿದ್ದಾರೆ.

ಕೊಪ್ಪದಿಂದ: ಮಳೆಗಾಲದಲ್ಲಿ ಆಲ್ಬಮ್ಮಿನ ನಾಣ್ಯಗಳಿಗೆ ಹಸಿರು ಅಂಟು ಬರುತ್ತದೆ. ತೆಳು ನಾಣ್ಯ ಹೇಗೆ ಇಡಲಿ?

ಅದು ಪಿವಿಸಿ ಪ್ಲಾಸ್ಟಿಕ್ಕಿನ ಜೇಬುಗಳ ಕೆಲಸ. ಮೂಗಿಗೆ ಹಿಡಿದರೆ ಹೊಸ ಮಳೆಕೋಟಿನ ವಾಸನೆ ಬರುವ ಆಲ್ಬಮ್ ಇದ್ದರೆ ಇವತ್ತೇ ನಾಣ್ಯ ಹೊರಗೆ ತೆಗೆಯಿರಿ. ಸ್ಟೇಪಲ್ ಹೊಡೆಯುವ ರಟ್ಟಿನ ಚೌಕವೂ ತೆಳು ನಾಣ್ಯಕ್ಕೆ ಬೇಡ. ರಟ್ಟು ನಾಲ್ಕೂ ಕಡೆ ಬಿಗಿದಾಗ ನಡುವೆ ತಗಡು ಬಾಗುತ್ತದೆ. ಗಟ್ಟಿ ಡಬ್ಬಿಯಲ್ಲಿ ಮೆತ್ತನೆಯ ಬಳೆಯಿರುವ ಕ್ಯಾಪ್ಸೂಲ್ ಒಳ್ಳೆಯದು. ಅದಿಲ್ಲದಿದ್ದರೆ ಆಮ್ಲವಿಲ್ಲದ ಕಾಗದದ ಲಕೋಟೆ, ಒಂದರಲ್ಲಿ ಒಂದೇ ನಾಣ್ಯ, ನಿಲ್ಲಿಸಿ ಇಡಿ, ಮೇಲೆ ಭಾರ ಬೇಡ. ನಾನು ಎಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಬಣ್ಣ ತಿರುಗುವ ಬಗೆಯ ಜೆಲ್ ಕೊಂಡರೆ ತೇವ ಹೀರಿದ್ದು ಕಣ್ಣಿಗೇ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ನೋಡಿ, ಕೈ ಒಣಗಿಸಿಕೊಂಡು.